ಪೇಪರಿಗೋ, ಫೋನಿಗೋ? ಕರಾವಳಿಯ ಸಣ್ಣ ಅಂಗಡಿಯವರು ಜಾಹೀರಾತಿನ ದುಡ್ಡು ಹಾಕುವ ಕ್ರಮ

ಮಂಗಳೂರು, ಉಡುಪಿ ಕಡೆ ಅಂಗಡಿ ಇಟ್ಟವರು ಈಗ ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಪೇಪರಿಗೆ ಕೊಡುವುದಾ, ಇನ್‌ಸ್ಟಾಗ್ರಾಮಿಗೆ ಹಾಕುವುದಾ?" ಎರಡರಲ್ಲಿ ಯಾವುದಕ್ಕೂ ದುಡ್ಡು ಬಿಚ್ಚುವ ಮೊದಲು ನಿಮ್ಮ ಗಿರಾಕಿ ನಿಮ್ಮನ್ನು ಹೇಗೆ ಹುಡುಕಿಕೊಂಡು ಬರುತ್ತಾರೆ ಅಂತ ತಿಳಿದುಕೊಳ್ಳಿ ಅಂತ ನಾನು ಹೇಳುತ್ತೇನೆ. ಅದು ಗೊತ್ತಿಲ್ಲದೆ ಪಕ್ಕದ ಅಂಗಡಿಯವರು ರೀಲ್ಸ್ ಮಾಡಿಸಿದರು ಅಂತ ನೀವೂ ಮಾಡಿಸಿದರೆ ದುಡ್ಡು ಹೋಗುತ್ತದೆ, ಗಿರಾಕಿ ಬರುವುದಿಲ್ಲ.

ನಮ್ಮ ಕಡೆ ಪೇಪರಿನ ಅಭ್ಯಾಸ ಬಹಳ ಹಳೆಯದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಮಂಗಳೂರಿನಿಂದಲೇ. ಉದಯವಾಣಿ 1970ರಲ್ಲಿ ಮಣಿಪಾಲದಲ್ಲಿ ಶುರುವಾಯಿತು. ಬೆಳಿಗ್ಗೆ ಚಹಾದ ಜೊತೆ ಪೇಪರ್ ಬಿಡಿಸಿ ಮೊದಲು ಶ್ರದ್ಧಾಂಜಲಿ ಪುಟ ನೋಡುವ ಹಿರಿಯರು ಇನ್ನೂ ಸುಮಾರು ಮನೆಗಳಲ್ಲಿ ಇದ್ದಾರೆ, ಮನೆಯ ದೊಡ್ಡ ಖರ್ಚಿಗೆ ಹೂಂ ಅನ್ನುವವರೂ ಹೆಚ್ಚಾಗಿ ಅವರೇ. ಇನ್ನೊಂದು ಕಡೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾಗಿ ಮರು ತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಅದೇ ಹಿರಿಯರ ಕೈಯಲ್ಲೂ ಈಗ ಫೋನ್ ಇದೆ, ಮಧ್ಯಾಹ್ನ ಊಟ ಆದ ಮೇಲೆ ಅವರೂ ರೀಲ್ಸ್ ನೋಡುತ್ತಾರೆ. ಹಾಗಾಗಿ ವಯಸ್ಸು ನೋಡಿ "ಇವರು ಪೇಪರಿನವರು, ಇವರು ಫೋನಿನವರು" ಅಂತ ಗೆರೆ ಎಳೆಯುವುದಕ್ಕೆ ಆಗುವುದಿಲ್ಲ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕಕ್ಕೆ ದುಡ್ಡು ಬೇಡ, ಸ್ವಲ್ಪ ಸಮಯ ಸಾಕು.

1. ಕೌಂಟರಿನಲ್ಲಿ ಒಂದು ಪುಸ್ತಕ ಇಡಿ

ಒಂದು ತಿಂಗಳು ಹೊಸ ಗಿರಾಕಿ ಬಂದಾಗೆಲ್ಲ ಬಿಲ್ ಮಾಡುತ್ತಾ ಕೇಳಿ, "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?" ಬಂದ ಉತ್ತರ ಬರೆದುಕೊಳ್ಳಿ. ದಾರಿಯಲ್ಲಿ ಬೋರ್ಡ್ ನೋಡಿ, ಪರಿಚಯದವರು ಹೇಳಿ, ಗೂಗಲ್‌ನಲ್ಲಿ ಹುಡುಕಿ, ಇನ್‌ಸ್ಟಾದಲ್ಲಿ ನೋಡಿ, ಪೇಪರಿನಲ್ಲಿ ನೋಡಿ ಅಂತ ಐದು ಗೀಟು ಎಳೆದರೆ ಆಯಿತು. ಕೌಂಟರಿನಲ್ಲಿ ಕೂರುವ ಹುಡುಗ ಹುಡುಗಿಯರಿಗೂ ಇದನ್ನು ಹೇಳಿಕೊಡಿ. ಜನ ಖುಷಿಯಿಂದಲೇ ಹೇಳುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇದು ತೀರಾ ಸಣ್ಣ ಕೆಲಸ ಅನಿಸಬಹುದು. ಆದರೆ ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಆಧಾರ. ಕಂಕನಾಡಿಯ ಒಂದು ಬೇಕರಿಗೆ ಬರುವವರಿಗೂ ಕಾರ್ಕಳದ ಒಂದು ಸ್ಟೀಲ್ ಪಾತ್ರೆ ಅಂಗಡಿಗೆ ಬರುವವರಿಗೂ ತುಂಬಾ ವ್ಯತ್ಯಾಸ ಇದೆ. ನಿಮ್ಮ ಊರಿನ, ನಿಮ್ಮ ವ್ಯಾಪಾರದ ಲೆಕ್ಕ ನಿಮ್ಮ ಕೌಂಟರಿನಲ್ಲೇ ಸಿಗಬೇಕು. ಬೆಂಗಳೂರಿನ ಯಾವುದೋ ವರದಿ ಓದಿದರೆ ಅದು ಸಿಗುವುದಿಲ್ಲ.

2. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ಸರಿಯಾಗಿ ಕೂರಿಸಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ಕಾರಿನಲ್ಲೋ ಬಸ್ಸಿನಲ್ಲೋ ಕೂತವರು "ಕೇಕ್ ಶಾಪ್ ನಿಯರ್ ಮಿ" ಅಂತ ಹುಡುಕಿದಾಗ ಮೇಲೆ ಕಾಣುವ ಅಂಗಡಿಗಳು ಬರುವುದು ಇದರಿಂದ. ಹುಡುಕುವವನಿಗೆ ಆ ಹೊತ್ತಿಗೆ ಕೇಕ್ ಬೇಕೇ ಬೇಕು. ರೀಲ್ಸ್ ನೋಡುವವನು ಸುಮ್ನೆ ಟೈಂಪಾಸ್‌ಗೆ ನೋಡುತ್ತಿರುತ್ತಾನೆ. ಇಬ್ಬರಲ್ಲಿ ಯಾರು ಮೊದಲು ಅಂಗಡಿಗೆ ಬರುತ್ತಾರೆ ನೀವೇ ಹೇಳಿ.

ಗೂಗಲ್ ಖಾತೆಯಿಂದ ಒಳಗೆ ಹೋಗಿ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್, ತೆರೆಯುವ ಮುಚ್ಚುವ ಸಮಯ ಕೊಡಿ. ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಿ. "ಬೆಸ್ಟ್ ಕೇಕ್ ಶಾಪ್ ಇನ್ ಮಂಗಳೂರು" ಅಂತೆಲ್ಲ ಹೆಸರಿಗೆ ಅಂಟಿಸಿದರೆ ಗೂಗಲ್ ಪ್ರೊಫೈಲನ್ನೇ ತಡೆಹಿಡಿಯಬಹುದು. ಆಮೇಲೆ ಅಂಗಡಿ ನಿಮ್ಮದೇ ಅಂತ ದೃಢಪಡಿಸಬೇಕು. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ರಸ್ತೆಯಿಂದ ಶುರುಮಾಡಿ, ಬೋರ್ಡ್ ತೋರಿಸಿ, ಬೀಗ ತೆಗೆದು ಒಳಗೆ ಹೋಗಿ ಕೌಂಟರ್ ತೋರಿಸುವ ತನಕ ಒಂದೇ ಉಸಿರಿನಲ್ಲಿ ವಿಡಿಯೋ ಮಾಡಿದರೆ ಸಲೀಸು.

ವಿಭಾಗ ಆಯ್ಕೆ ಮಾಡುವಾಗ ಗಮನ ಕೊಡಿ. ಒಂದು ಮುಖ್ಯ ವಿಭಾಗ, ಅದರ ಮೇಲೆ ಇನ್ನೂ 9 ಹೆಚ್ಚುವರಿ ವಿಭಾಗ ಹಾಕಬಹುದು. ಸೀರೆ ಅಂಗಡಿಯವರು ಬರೇ "ಕ್ಲೋದಿಂಗ್ ಸ್ಟೋರ್" ಅಂತ ಬಿಟ್ಟರೆ ಸೀರೆ ಹುಡುಕುವವರಿಗೆ ಕಾಣುವುದು ಕಷ್ಟ. "ಸಾರಿ ಶಾಪ್" ಅಂತಲೇ ಮುಖ್ಯ ವಿಭಾಗ ಇರಲಿ. ವಿವರಣೆಯಲ್ಲಿ ಮಂಗಳೂರು, ಮ್ಯಾಂಗಲೋರ್ ಎರಡೂ ಬರಲಿ. 2014ರ ನವೆಂಬರಿನಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾದರೂ ಮುಂಬಯಿ, ದುಬೈಯಲ್ಲಿ ಇರುವ ನಮ್ಮವರು ಇಂದಿಗೂ ಮ್ಯಾಂಗಲೋರ್ ಅಂತಲೇ ಟೈಪ್ ಮಾಡುತ್ತಾರೆ.

ಇನ್ನು ಪಿನ್, ಅಂದರೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಇರುವ ಜಾಗದ ಗುರುತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಅಂಗಡಿ ಇದ್ದವರು ಇದನ್ನು ಇವತ್ತೇ ನೋಡಬೇಕು. ಪಿನ್ ನಾಲ್ಕು ಮಾರು ಆಚೆ, ರಸ್ತೆಯ ಇನ್ನೊಂದು ಮಗ್ಗುಲಿಗೆ ಹೋದರೆ ಗಿರಾಕಿ ಡಿವೈಡರಿನ ಆಚೆ ಬದಿಗೆ ಬಂದು ನಿಲ್ಲುತ್ತಾರೆ. ಕಣ್ಣೆದುರು ನಿಮ್ಮ ಬೋರ್ಡ್ ಕಾಣುತ್ತದೆ, ಆದರೆ ಯು ಟರ್ನ್ ಹುಡುಕಿಕೊಂಡು ಎಷ್ಟೋ ದೂರ ಹೋಗಬೇಕು. ಹಾಗೆ ಮುಂದೆ ಹೋದವರು ವಾಪಸ್ ಬರುತ್ತಾರೆ ಅಂತ ಏನು ಗ್ಯಾರಂಟಿ? ಪಿನ್ನನ್ನು ಸರ್ವಿಸ್ ರಸ್ತೆಯ ಬಾಗಿಲಿಗೇ ಸರಿಯಾಗಿ ಇಡಿ, ಬೇರೆಯವರ ಫೋನಿನಿಂದ ಒಮ್ಮೆ ದಾರಿ ಹಾಕಿಕೊಂಡು ಬಂದು ನೋಡಿ. ಹಂಪನಕಟ್ಟೆಯಲ್ಲಿ ಮೊದಲ ಮಹಡಿಯಲ್ಲಿ ಇರುವವರು, ಉಡುಪಿ ರಥಬೀದಿಯ ಒಳಗಿನ ಓಣಿಯಲ್ಲಿ ಇರುವವರು ಮೆಟ್ಟಿಲಿನ, ಕಟ್ಟಡದ ಎದುರುಭಾಗದ ಫೋಟೋ ಹಾಕಿ. ಗಾಡಿ ನಿಲ್ಲಿಸುವುದು ಎಲ್ಲಿ ಅಂತಲೂ ಬರೆಯಿರಿ.

ವಿಮರ್ಶೆಗಳಿಗೆ ಉತ್ತರ ಕೊಡುವುದು ನಿಮ್ಮದೇ ಕೆಲಸ. ಕೆಟ್ಟ ವಿಮರ್ಶೆ ಬಂದರೆ ಜಗಳಕ್ಕೆ ಹೋಗಬೇಡಿ, ಆದದ್ದು ಏನು ಅಂತ ಎರಡು ಸಾಲಲ್ಲಿ ಬರೆದು ಫೋನ್ ಮಾಡಲು ಹೇಳಿ. ದುಡ್ಡು ಕೊಟ್ಟು ಐದು ನಕ್ಷತ್ರ ಹಾಕಿಸುವವರ ಮಾತು ಕೇಳಲೇಬೇಡಿ. ಅಂಥ ವಿಮರ್ಶೆಗಳನ್ನು ಗೂಗಲ್ ತೆಗೆದುಹಾಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಊರಿನವರಿಗೆ ಅದು ಓದಿದ ಕೂಡಲೇ ಗೊತ್ತಾಗುತ್ತದೆ.

3. ವಾಟ್ಸಾಪ್ ಬಿಸಿನೆಸ್

ಭಾರತಕ್ಕೆ 2018ರಲ್ಲಿ ಬಂದ ಈ ಆ್ಯಪ್ ಕೂಡ ಉಚಿತ. ಅಂಗಡಿಗೆ ಬೇರೆ ನಂಬರ್ ಇಟ್ಟುಕೊಳ್ಳಿ, ಮನೆಯ ನಂಬರ್ ಬೇಡ. ಕ್ಯಾಟಲಾಗ್‌ನಲ್ಲಿ ಸಾಮಾನಿನ ಫೋಟೋ ಮತ್ತು ಬೆಲೆ ಹಾಕಿ. ಬೆಲೆ ಮುಚ್ಚಿಟ್ಟು "ಡಿಎಂ ಮಾಡಿ" ಅನ್ನುವವರ ಬಗ್ಗೆ ಜನರಿಗೆ ಈಗ ಸಿಟ್ಟು ಬರುತ್ತದೆ. ರಾತ್ರಿ ಮೆಸೇಜ್ ಬಂದರೆ ತಾನಾಗಿ ಹೋಗುವ ಉತ್ತರವನ್ನೂ ಇಡಬಹುದು.

ಒಂದೇ ಮೆಸೇಜನ್ನು ಬಹಳ ಜನರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರ ಮಿತಿ ಇದೆ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ಅವರಿಗೆ ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ "ನಮ್ಮ ನಂಬರ್ ಸೇವ್ ಮಾಡಿ, ಹೊಸ ಮಾಲು ಬಂದಾಗ ಹೇಳುತ್ತೇವೆ" ಅನ್ನಿ, ಅವರು ಒಪ್ಪಿದರೆ ಮಾತ್ರ ಸೇರಿಸಿ. ಕೇಳದೆ ಗ್ರೂಪಿಗೆ ಸೇರಿಸುವುದು ಬೇಡವೇ ಬೇಡ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಮೀನು ಮಾರುವವರು ಬೆಳಿಗ್ಗೆ "ಇವತ್ತು ಅಂಜಲ್ ಬಂದಿದೆ, ಬಂಗುಡೆ ಬಂದಿದೆ, ಬೆಲೆ ಇಷ್ಟು" ಅಂತ ಫೋಟೋ ಸಮೇತ ಕಳಿಸಿದರೆ ಅದಕ್ಕೆ ಜನ ಕಾಯುತ್ತಾರೆ, ಅಲ್ವಾ?

4. ವಿಡಿಯೋ ಮಾಡಿ, ಕೌಂಟರಿನಲ್ಲಿ ಆಡುವ ಭಾಷೆಯಲ್ಲೇ ಮಾತಾಡಿ

ಸಣ್ಣ ಅಂಗಡಿಗೆ ಕ್ಯಾಮೆರಾದವರು, ಡ್ರೋನ್ ಯಾವುದೂ ಬೇಡ. ಕಿಟಕಿಯ ಬೆಳಕು, ಒರೆಸಿದ ಲೆನ್ಸ್, ಗಾಳಿ ಶಬ್ದ ಇಲ್ಲದ ಜಾಗ ಇದ್ದರೆ ಸಾಕು. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಮಳೆಯ ಶಬ್ದದಲ್ಲಿ ಮಾತು ಕೇಳುವುದೇ ಇಲ್ಲ, ಅದಕ್ಕೆ ಒಂದು ಸಣ್ಣ ಕಾಲರ್ ಮೈಕ್ ತೆಗೆದುಕೊಂಡರೆ ಒಳ್ಳೆಯದು.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಅಂಗಡಿಯಲ್ಲಿ ತುಳುವಿನಲ್ಲಿ ಮಾತಾಡುವವರು ಕ್ಯಾಮೆರಾ ಕಂಡ ಕೂಡಲೇ ಪುಸ್ತಕದ ಕನ್ನಡಕ್ಕೋ ಅರ್ಧಂಬರ್ಧ ಇಂಗ್ಲಿಷಿಗೋ ಯಾಕೆ ಹೋಗಬೇಕು? "ಬಲೆ, ಈ ಸೀರೆ ತೂಲೆ" ಅಂತಲೇ ಶುರುಮಾಡಿ. ಕುಂದಾಪುರದವರು ಕುಂದಾಪ್ರ ಕನ್ನಡದಲ್ಲಿ, ಕೊಂಕಣಿ ಬ್ಯಾರಿ ಮಾತಾಡುವವರು ಅವರವರ ಭಾಷೆಯಲ್ಲಿ ಮಾತಾಡಿ, ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಬಸ್ಸಿನಲ್ಲಿ ಶಬ್ದ ಇಲ್ಲದೆ ನೋಡುವವರಿಗೂ ಅದರಿಂದ ಅರ್ಥವಾಗುತ್ತದೆ.

ಮೊದಲ ಎರಡು ಮೂರು ಸೆಕೆಂಡಿನಲ್ಲಿ ಸಾಮಾನು ಕಾಣಬೇಕು. ಉಡುಪಿ ಸೀರೆ ಮಾರುವವರು ಲೋಗೋ ತಿರುಗಿಸಿ, ಹಾಡು ಹಾಕಿ, ಆಮೇಲೆ ಅಂಗಡಿಯ ಬಾಗಿಲು ತೋರಿಸುವಷ್ಟರಲ್ಲಿ ನೋಡುವವರು ಮುಂದೆ ಹೋಗಿರುತ್ತಾರೆ. ಅದರ ಬದಲು ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ತೋರಿಸಿ. ಕೈಮಗ್ಗದ್ದು ಅಂತ ಹೇಗೆ ಗುರುತಿಸುವುದು, ಮೊದಲ ಸಲ ಹೇಗೆ ಒಗೆಯಬೇಕು, ಬೆಲೆ ಎಷ್ಟು, ಅಂಗಡಿ ಎಲ್ಲಿ ಅಂತ ಹೇಳಿ ಮುಗಿಸಿ. ನೇಯುವವರ ಮನೆಗೆ ಹೋಗಿ ಅವರ ಒಪ್ಪಿಗೆ ಕೇಳಿ ಮಗ್ಗದ ಶಬ್ದವನ್ನು ಹಾಗೆಯೇ ರೆಕಾರ್ಡ್ ಮಾಡಿದರೆ ಹಿನ್ನೆಲೆಗೆ ಬೇರೆ ಸಂಗೀತ ಬೇಡ. ಸಿನಿಮಾ ಹಾಡು ಹಾಕಿದರೆ ವ್ಯಾಪಾರದ ಖಾತೆಗೆ ಹಕ್ಕುಸ್ವಾಮ್ಯದ ತೊಂದರೆಯೂ ಬರುತ್ತದೆ.

5. ಈಗ ದುಡ್ಡು ಹಾಕಿ, ಆದರೆ ಸೆಟ್ಟಿಂಗ್ ನೋಡಿ ಹಾಕಿ

ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ "ಬೂಸ್ಟ್" ಅಂತ ಪೋಸ್ಟಿನ ಕೆಳಗೆ ಇರುತ್ತದೆ. ಅದನ್ನು ಒತ್ತುವ ಮೊದಲು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಆ್ಯಡ್ ಲೈಬ್ರರಿ ತೆರೆಯಿರಿ. ಯಾವುದೇ ಪೇಜ್ ಈಗ ಯಾವ ಜಾಹೀರಾತು ನಡೆಸುತ್ತಿದೆ ಅಂತ ಅಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಿಮ್ಮ ಊರಿನ ಅದೇ ವ್ಯಾಪಾರದವರ ಹೆಸರು ಹಾಕಿ ನೋಡಿ. ತುಂಬಾ ದಿನದಿಂದ ನಿಲ್ಲಿಸದೆ ಓಡುತ್ತಿರುವ ಜಾಹೀರಾತು ಕಂಡರೆ ಅದು ಅವರಿಗೆ ಲಾಭ ಕೊಡುತ್ತಿರಬಹುದು. ಅದರಲ್ಲಿ ಏನು ಹೇಳಿದ್ದಾರೆ ಅಂತ ಗಮನಿಸಿ.

ಆಮೇಲೆ ಜಾಹೀರಾತು ಯಾವ ಜಾಗದವರಿಗೆ ಕಾಣಬೇಕು ಅನ್ನುವುದು. ಮಲ್ಪೆಯಲ್ಲಿ ಪಿನ್ ಇಟ್ಟು ಸುತ್ತ 10 ಕಿಲೋಮೀಟರ್ ವೃತ್ತ ಎಳೆದು ನೋಡಿ. ವೃತ್ತದ ಹೆಚ್ಚುಕಡಿಮೆ ಅರ್ಧ ಅರಬ್ಬಿ ಸಮುದ್ರದಲ್ಲಿ ಇರುತ್ತದೆ! ಸಮುದ್ರದಲ್ಲಿ ಜನ ಇಲ್ಲದ ಕಾರಣ ದುಡ್ಡು ಅಲ್ಲಿಗೆ ಹೋಗುವುದಿಲ್ಲ, ಆದರೆ ನೀವು ಅಂದುಕೊಂಡಷ್ಟು ಜನ ಸಿಗುವುದಿಲ್ಲ. ಪಿನ್ನನ್ನು ಉಡುಪಿ ಕಡೆ ಒಳಗೆ ತನ್ನಿ, ಮಣಿಪಾಲವೂ ಒಳಗೆ ಬರುತ್ತದೆ. ಮಂಗಳೂರಿನಲ್ಲಿ ವೃತ್ತ ದೊಡ್ಡದು ಮಾಡಿದರೆ ತಲಪಾಡಿ ದಾಟಿ ಕೇರಳದ ಮಂಜೇಶ್ವರದ ಕಡೆ ಹೋಗುತ್ತದೆ. ಬಟ್ಟೆ, ಚಿನ್ನ, ಆಸ್ಪತ್ರೆಯ ಕೆಲಸಕ್ಕೆ ಅಲ್ಲಿನವರು ಮಂಗಳೂರಿಗೇ ಬರುವುದರಿಂದ ಅಂಥ ವ್ಯಾಪಾರದವರು ಅದನ್ನು ತೆಗೆಯಬೇಡಿ. ಬೇಕರಿಯವರಿಗೆ ಅಷ್ಟು ದೂರ ಬೇಡ, 3 ಅಥವಾ 4 ಕಿಲೋಮೀಟರ್ ಸಾಕು.

ಭಾಷೆ ಅನ್ನುವ ಜಾಗದಲ್ಲಿ "ಕನ್ನಡ" ಅಂತ ಆರಿಸಿದರೆ ಒಳ್ಳೆಯದು ಅಂತ ಅನಿಸುತ್ತದೆ. ಆದರೆ ನಮ್ಮವರಲ್ಲಿ ಜಾಸ್ತಿ ಜನ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟಿರುತ್ತಾರೆ. ಕನ್ನಡ ಮಾತ್ರ ಅಂದರೆ ಅವರೆಲ್ಲ ತಪ್ಪಿಹೋಗಬಹುದು. ಆ ಜಾಗ ಖಾಲಿ ಬಿಡಿ.

ಗೂಗಲ್ ಆ್ಯಡ್ಸ್‌ನಲ್ಲಿ ಇನ್ನೊಂದು ಕಣ್ಣಿಗೆ ಬೀಳದ ಸೆಟ್ಟಿಂಗ್ ಇದೆ. ನೀವು ಮಂಗಳೂರು ಅಂತ ಆರಿಸಿದರೂ ಅದು ತಾನಾಗಿ "ಮಂಗಳೂರಿನಲ್ಲಿ ಇರುವವರು ಅಥವಾ ಆ ಊರಿನ ಬಗ್ಗೆ ಆಸಕ್ತಿ ಇರುವವರು" ಅಂತ ಇಟ್ಟುಕೊಂಡಿರುತ್ತದೆ. ದೆಹಲಿಯಲ್ಲಿ ಕೂತು ಮಂಗಳೂರಿನ ವಿಷಯ ಹುಡುಕುವವನಿಗೂ ನಿಮ್ಮ ಬೇಕರಿಯ ಜಾಹೀರಾತು ಹೋಗಬಹುದು. ಲೊಕೇಶನ್ ಆಯ್ಕೆಗೆ ಹೋಗಿ "ಪ್ರೆಸೆನ್ಸ್" ಅಂತ ಬದಲಿಸಿ. ಹೋಂ ಸ್ಟೇ, ಟ್ಯಾಕ್ಸಿ, ಕೃಷ್ಣ ಮಠದ ಹತ್ತಿರದ ಲಾಡ್ಜ್ ನಡೆಸುವವರು ಮಾತ್ರ ಅದನ್ನು ಹಾಗೇ ಬಿಡಬೇಕು, ಅವರ ಗಿರಾಕಿ ಹೊರಗಿನವರೇ.

ಆನ್‌ಲೈನ್ ಜಾಹೀರಾತಿಗೆ 18% ಜಿಎಸ್‌ಟಿ, ಪತ್ರಿಕೆಯ ಜಾಹೀರಾತಿಗೆ 5%. ಹೋಲಿಕೆ ಮಾಡುವಾಗ ಇದನ್ನು ಸೇರಿಸಿಯೇ ಲೆಕ್ಕ ಹಾಕಿ. ಜಿಎಸ್‌ಟಿ ನಂಬರ್ ಇದ್ದವರು ಅದನ್ನು ಜಾಹೀರಾತು ಖಾತೆಯಲ್ಲಿ ನಮೂದಿಸಿದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ವಾಪಸ್ ಪಡೆಯಬಹುದು. ವಹಿವಾಟಿನ ಮೇಲೆ ಸಣ್ಣ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೆ ಅದು ಸಿಗುವುದಿಲ್ಲ.

6. ಒಬ್ಬ ಗಿರಾಕಿಗೆ ಎಷ್ಟು ಬಿತ್ತು?

ಲೈಕ್, ವ್ಯೂಸ್ ಎಲ್ಲ ಬಿಡಿ. ಒಂದು ಲೆಕ್ಕ ನೋಡೋಣ. ನೀವು 3,000 ರೂಪಾಯಿ ಹಾಕಿದಿರಿ, ಜಿಎಸ್‌ಟಿ 540 ಸೇರಿ 3,540. ವಾಟ್ಸಾಪಿಗೆ 40 ಜನ ವಿಚಾರಿಸಿದರು, 12 ಜನ ಅಂಗಡಿಗೆ ಬಂದರು, 7 ಜನ ಕೊಂಡರು ಅಂತಿಟ್ಟುಕೊಳ್ಳಿ. ಒಬ್ಬ ಗಿರಾಕಿಗೆ ಹತ್ತಿರಹತ್ತಿರ 506 ರೂಪಾಯಿ ಬಿತ್ತು. ಒಂದು ಕೇಕಿನಲ್ಲಿ ನಿಮಗೆ 150 ಉಳಿಯುವುದಾದರೆ ಇದು ನಷ್ಟ, ಅದೇ ಗಿರಾಕಿ ಮತ್ತೆ ಮತ್ತೆ ಬಂದರೆ ಮಾತ್ರ ಸರಿಹೋಗುತ್ತದೆ. ಮದುವೆ ಸೀರೆಯಲ್ಲಿ 900 ಉಳಿಯುವುದಾದರೆ ಲಾಭ, ಧೈರ್ಯವಾಗಿ ಮುಂದುವರಿಸಿ. 40 ಜನ ವಿಚಾರಿಸಿ 12 ಜನ ಮಾತ್ರ ಬಂದದ್ದು ಯಾಕೆ ಅಂತಲೂ ನೋಡಿ. ಎಷ್ಟೋ ಸಲ ತಪ್ಪು ಜಾಹೀರಾತಿನದ್ದಲ್ಲ, ಮೆಸೇಜಿಗೆ ಮರುದಿನ ಉತ್ತರ ಹೋಗಿರುತ್ತದೆ.

ಇದೇ ಲೆಕ್ಕವನ್ನು ಹಳೆಯ ಜಾಹೀರಾತಿಗೂ ಹಾಕಿ. ಪೇಪರಿನ ಜಾಹೀರಾತಿನಲ್ಲಿ "ಇದನ್ನು ಕತ್ತರಿಸಿ ತನ್ನಿ" ಅನ್ನಿ, ಹ್ಯಾಂಡ್‌ಬಿಲ್ಲಿನಲ್ಲಿ ಬೇರೆ ಫೋನ್ ನಂಬರ್ ಕೊಡಿ, ಎಫ್‌ಎಂನಲ್ಲಿ ಒಂದು ಪದ ಹೇಳಿ ಆ ಪದ ಹೇಳಿದವರಿಗೆ ರಿಯಾಯಿತಿ ಕೊಡಿ. ಆಗ ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬಹುದು.

7. ಹಳೆಯದರಲ್ಲಿ ಯಾವುದನ್ನು ಉಳಿಸಬೇಕು

ಪೇಪರ್ ಜಾಹೀರಾತು ಹೊಸ ಅಂಗಡಿಯ ಉದ್ಘಾಟನೆಗೆ, ಚಿನ್ನ, ಮನೆ, ಶಾಲೆಯಂಥ ನಂಬಿಕೆ ಬೇಕಾದ ವ್ಯವಹಾರಕ್ಕೆ ಈಗಲೂ ಕೆಲಸ ಮಾಡುತ್ತದೆ. ಅಚ್ಚಾದದ್ದಕ್ಕೆ ಜನ ಕೊಡುವ ಬೆಲೆಯೇ ಬೇರೆ. ವಾರಕ್ಕೊಮ್ಮೆ ಸುಮ್ನೆ ಹೆಸರು ಹಾಕಿಸುವುದನ್ನು ಬಿಡಿ, ಹೇಳುವ ವಿಷಯ ಇದ್ದಾಗ ಸ್ಥಳೀಯ ಪುಟದಲ್ಲಿ ಕೊಡಿ, ಮೂಲೆಯಲ್ಲಿ ಕ್ಯೂಆರ್ ಕೋಡ್ ಇರಲಿ.

ಕ್ಯಾಲೆಂಡರ್ ಬಿಡಲೇಬೇಡಿ. ನಮ್ಮ ಮನೆಗಳಲ್ಲಿ ತಿಥಿ, ಸಂಕ್ರಾಂತಿ, ಗ್ಯಾಸ್ ಬಂದ ದಿನ ಎಲ್ಲ ಗುರುತು ಹಾಕುವುದು ಅಡುಗೆಮನೆಯ ಕ್ಯಾಲೆಂಡರಿನಲ್ಲೇ. ಒಂದು ವರ್ಷ ಪೂರ್ತಿ ಕಣ್ಣೆದುರು ಇರುವ ಇಂಥ ಜಾಹೀರಾತು ಫೋನಿನಲ್ಲಿ ಇಲ್ಲ. ಅಂಕಿಗಳು ದೊಡ್ಡದಾಗಿ ಇರಲಿ, ಬರೆಯಲು ಜಾಗ ಇರಲಿ, ಇಲ್ಲದಿದ್ದರೆ ಬೇರೆಯವರ ಕ್ಯಾಲೆಂಡರ್ ಗೋಡೆಗೆ ಬರುತ್ತದೆ.

ರಿಕ್ಷಾಕ್ಕೆ ಮೈಕ್ ಕಟ್ಟಿ ಕೂಗಿಸುವುದು ಹಳ್ಳಿ ಕಡೆ ಒಂದೆರಡು ದಿನದ ಮೇಳಕ್ಕೆ ಸರಿ, ಅನುಮತಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಬಟ್ಟೆಯ ಬ್ಯಾನರಿಗೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಕಂಬಳ, ಯಕ್ಷಗಾನದ ಯೂಟ್ಯೂಬ್ ನೇರಪ್ರಸಾರಕ್ಕೆ ಪ್ರಾಯೋಜಕರಾಗುವುದು ನನಗೆ ತುಂಬಾ ಇಷ್ಟವಾದ ದಾರಿ. ಊರಿನವರೂ ನೋಡುತ್ತಾರೆ, ಗಲ್ಫಿನಲ್ಲಿ ಇರುವವರೂ ನೋಡುತ್ತಾರೆ, ಕಲೆಗೂ ನಾಲ್ಕು ಕಾಸು ಹೋಗುತ್ತದೆ.

8. ಬೇರೆಯವರಿಗೆ ಕೆಲಸ ಕೊಡುವಾಗ

ಏಜೆನ್ಸಿಗೆ ಕೊಡುವುದಾದರೆ ಜಾಹೀರಾತು ಖಾತೆ, ಪೇಜ್, ಗೂಗಲ್ ಪ್ರೊಫೈಲ್ ಎಲ್ಲ ನಿಮ್ಮ ಇಮೇಲಿನಲ್ಲಿ, ನಿಮ್ಮ ನಂಬರಿನಲ್ಲಿ ಇರಬೇಕು. ಅವರಿಗೆ ಮ್ಯಾನೇಜರ್ ಆಗಿ ಪ್ರವೇಶ ಕೊಡಿ, ಪಾಸ್‌ವರ್ಡ್ ಕೊಡಬೇಡಿ. ಅವರ ಖಾತೆಯಲ್ಲೇ ಎಲ್ಲ ನಡೆಸಿದರೆ ಒಪ್ಪಂದ ಮುಗಿದ ದಿನ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಮಾರಾಯ್ರೆ. "ತಿಂಗಳಿಗೆ ಇಷ್ಟು ಫಾಲೋವರ್ಸ್ ಗ್ಯಾರಂಟಿ" ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಹಾಕಿದ ದುಡ್ಡಿನಲ್ಲಿ ಮೆಟಾಕ್ಕೆ ಹೋದದ್ದು ಎಷ್ಟು, ಅವರ ಸಂಬಳ ಎಷ್ಟು ಅಂತ ಬೇರೆ ಬೇರೆ ಬಿಲ್ ಕೇಳಿ.

ಇನ್‌ಫ್ಲುಯೆನ್ಸರ್‌ಗಳಿಂದ ವಿಡಿಯೋ ಮಾಡಿಸಿದರೆ ಅದು ಜಾಹೀರಾತು ಅಂತ ಸ್ಪಷ್ಟವಾಗಿ ಬರೆಯಬೇಕು. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರಲ್ಲೇ ಈ ನಿಯಮ ತಂದಿದೆ, ದುಡ್ಡಿನ ಬದಲು ಊಟವೋ ಸೀರೆಯೋ ಪುಕ್ಕಟೆ ಕೊಟ್ಟರೂ ಇದು ಅನ್ವಯ. ಸುಳ್ಳು ಹೇಳಿ ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದ ತನಕ. ಮಣಿಪಾಲದಲ್ಲಿ ವಿದ್ಯಾರ್ಥಿಗಳು ನೋಡುವ ಇನ್‌ಫ್ಲುಯೆನ್ಸರ್‌ಗಳು ಬೇರೆ, ಸುರತ್ಕಲ್‌ನ ಗೃಹಿಣಿಯರು ನೋಡುವ ಇನ್‌ಫ್ಲುಯೆನ್ಸರ್‌ಗಳು ಬೇರೆ. ಫಾಲೋವರ್ಸ್ ಎಷ್ಟು ಅಂತ ಕೇಳುವ ಬದಲು ಅವರಲ್ಲಿ ನಿಮ್ಮ ಜಿಲ್ಲೆಯವರು ಎಷ್ಟು ಅಂತ ಕೇಳಿ. ಆ ಅಂಕಿ ಅವರ ಆ್ಯಪಿನಲ್ಲೇ ಇರುತ್ತದೆ, ಸ್ಕ್ರೀನ್‌ಶಾಟ್ ಕೊಡಲಿ.

9. ಕರಾವಳಿಯ ಕಾಲ ನೋಡಿ ಹಾಕಿ

ಜಾಹೀರಾತಿನ ದುಡ್ಡನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಬೇಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಮದುವೆ ಬಟ್ಟೆಯವರು ಆಗ ಕೈ ಬಿಗಿ ಹಿಡಿಯಿರಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನಿನವರು ಆ ದುಡ್ಡನ್ನು ಆಗಸ್ಟಿಗೆ ಉಳಿಸಿ. ಸೆಪ್ಟೆಂಬರ್ 8ರ ಕ್ರೈಸ್ತರ ಮೊಂತಿ ಹಬ್ಬ, ಅಷ್ಟಮಿ, ಚೌತಿ, ಮಂಗಳೂರು ದಸರಾ, ದೀಪಾವಳಿ ಸಾಲಾಗಿ ಬರುವ ತಿಂಗಳುಗಳಲ್ಲಿ ದೊಡ್ಡ ಕಂಪನಿಗಳೂ ದುಡ್ಡು ಸುರಿಯುವುದರಿಂದ ಫೋನಿನ ಜಾಹೀರಾತಿನ ದರ ಏರುತ್ತದೆ. ಎರಡು ಮೂರು ವಾರ ಮೊದಲೇ ಶುರುಮಾಡಿ, ಹಬ್ಬದ ವಾರದಲ್ಲಿ ನಿಮ್ಮ ಹಳೆಯ ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಹೇಳಿ. ಡಿಸೆಂಬರಿನಲ್ಲಿ ಗಲ್ಫಿನವರು ಕ್ರಿಸ್ಮಸ್ ರಜೆಗೆ ಊರಿಗೆ ಬರುತ್ತಾರೆ, ಅವರು ಅಲ್ಲಿಂದಲೇ ಹುಡುಕಲು ಶುರುಮಾಡುವ ಕಾರಣ ನವೆಂಬರಿನಲ್ಲೇ ಅಲ್ಲಿಗೆ ತೋರಿಸಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಆ ವಾರ ರಸ್ತೆಗಳು ಬಂದ್ ಆಗುತ್ತವೆ, ಅಂಗಡಿಯ ಸಮಯವೂ ಬದಲಾಗುತ್ತದೆ. ರಥಬೀದಿಯ ಸುತ್ತಮುತ್ತ ಇರುವವರು ಗೂಗಲ್ ಪ್ರೊಫೈಲಿನ ವಿಶೇಷ ಸಮಯ ಅನ್ನುವ ಜಾಗದಲ್ಲಿ ಅದನ್ನು ಹಿಂದಿನ ವಾರವೇ ತುಂಬಿ, ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಒಂದು ಪೋಸ್ಟ್ ಹಾಕಿ.